ನಾಳೆಯ ಭಾರ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇಲ್ಲ. ಇದನ್ನು ನಾವು ಎರಡು ಬಗೆಯಾಗಿ ಆಡುವುದುಂಟು. ಮನೆಯ ಹೊಣೆಯನ್ನು ಹೊರದೆ ಹೊತ್ತುಗಳೆಯುವವನನ್ನು ಕಂಡಾಗ ಅದು ನಿಂದೆಯಾಗುತ್ತದೆ. ತಲೆದಿಂಬಿಗೆ ತಲೆ ಸೋಕಿದೊಡನೆ ಕಣ್ಮುಚ್ಚುವ ಪುಣ್ಯವಂತನನ್ನು ಕಂಡಾಗ ಅದೇ ಮಾತು ಅಸೂಯೆಯಾಗುತ್ತದೆ. ಒಂದೇ ಮಾತು ನಿಂದೆಯೂ ಅಸೂಯೆಯೂ ಆಗಬೇಕಾದರೆ, ಚಿಂತೆಯ ವಿಷಯದಲ್ಲಿ ನಮ್ಮ ಮನಸ್ಸು ಒಂದು ನೆಲೆಯಲ್ಲಿ ನಿಂತಿಲ್ಲವೆಂದೇ ಹೇಳಬೇಕು. ಚಿಂತೆಯು ಹೋಗಬೇಕೆಂದು ನಾವು ಹಂಬಲಿಸುತ್ತೇವೆ. ಆದರೆ ಚಿಂತೆಯಿಲ್ಲದ ಮನುಷ್ಯನನ್ನು ನಂಬುವುದಕ್ಕೆ ಹಿಂದೆಗೆಯುತ್ತೇವೆ. ಚಿಂತಿಸದ ತಂದೆಗೆ ಮಕ್ಕಳ ಮೇಲೆ ಪ್ರೀತಿಯುಂಟೇ? ಚಿಂತಿಸದ ಗೃಹಿಣಿಯಿಂದ ಸಂಸಾರ ಸಾಗೀತೇ? ಹೀಗೆ ಚಿಂತೆಯೇ ಪ್ರೀತಿಯ ಗುರುತೆಂದು ಎಣಿಸಿ, ಅದನ್ನು ಶಪಿಸುತ್ತಲೇ ಸಾಕಿಕೊಂಡು ಬಂದಿದ್ದೇವೆ.

ಈ ಕಾಲದಲ್ಲಿ ಚಿಂತೆಗೆ ಮತ್ತೊಬ್ಬ ಒಡನಾಡಿ ಸಿಕ್ಕಿದ್ದಾನೆ; ಆತನೇ ತರಾತುರಿ. ಹಿಂದೆ ಇಬ್ಬರು ಹಾದಿಯಲ್ಲಿ ಎದುರಾದರೆ ಕ್ಷೇಮಸಮಾಚಾರವನ್ನು ಕೇಳುತ್ತಿದ್ದರು. ಈಗ ಕೇಳುವ ಮೊದಲೇ ‘ಪುರಸೊತ್ತಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರದಲ್ಲಿ ದೂರು ಅರ್ಧ, ಹೆಮ್ಮೆ ಅರ್ಧ. ಪುರಸೊತ್ತಿಲ್ಲದವನು ಬೇಕಾದವನು, ಪುರಸೊತ್ತಿರುವವನು ಯಾರಿಗೂ ಬೇಡವಾದವನು ಎಂಬ ಭಾವನೆ ಬೇರೂರಿದೆ. ಕಚೇರಿಯ ಕೆಲಸವು ಕಚೇರಿಯಲ್ಲಿಯೇ ಉಳಿಯುತ್ತಿದ್ದ ದಿನಗಳು ಹೋದುವು. ಈಗ ಅದು ಅಂಗಿಯ ಜೇಬಿನ ಫೋನಿನಲ್ಲಿ ಕುಳಿತು ಊಟದ ಎಲೆಯ ಬಳಿಗೂ ಹಾಸಿಗೆಯ ಬಳಿಗೂ ಬರುತ್ತದೆ.

ಇಂತಹ ಬದುಕಿನ ನಡುವೆ ಕ್ರೈಸ್ತಶ್ರದ್ಧೆಯು ಶಾಂತಿಯೊಂದನ್ನು ನುಡಿಯುತ್ತದೆ. ಆ ಶಾಂತಿ ಎಂತಹದು? ಅದು ಹೊಣೆಗೇಡಿಯ ನಿದ್ದೆಯೋ, ಹೊಣೆಯನ್ನು ಬಲ್ಲವನಿಗೂ ದೊರೆಯತಕ್ಕ ವಿಶ್ರಾಂತಿಯೋ? ಈ ಪ್ರಶ್ನೆಯನ್ನು ನಾನು ಪಂಡಿತನಾಗಿ ಎತ್ತಿಕೊಂಡವನಲ್ಲ. ನಾನು ಆ ಮತದಲ್ಲಿ ಹುಟ್ಟಿದವನೂ ಅಲ್ಲ. ಬಹುವರ್ಷ ಮಾಸ್ತರಿಕೆ ಮಾಡಿ, ಅದಕ್ಕಿಂತಲೂ ಹೆಚ್ಚಾಗಿ ಚಿಂತೆ ಮಾಡಿ ದಣಿದವನು. ನೆರೆಮನೆಯಲ್ಲಿ ಒಬ್ಬ ಕ್ರೈಸ್ತ ಮಹಿಳೆ ಇದ್ದುದರಿಂದ ಈ ಪ್ರಶ್ನೆ ನನ್ನ ಬಾಗಿಲಿಗೆ ಬಂದಿತು.

ಅವರು ಶಾಲೆಯ ಅಧ್ಯಾಪಕಿಯಾಗಿ ನಿವೃತ್ತರಾದವರು. ನಮ್ಮ ಧಾರವಾಡದ ಕಡೆಯ ರೂಢಿಯಂತೆ ಓಣಿಯವರೆಲ್ಲರೂ ಅವರನ್ನು ‘ಅಕ್ಕೋರು’ ಎಂದು ಕರೆಯುತ್ತಿದ್ದರು. ಒಂದು ಸಂಜೆ ಅವರ ಮನೆಗೆ ಹೋದಾಗ, ಮಾರನೆಯ ದಿನದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದು, ಅದನ್ನು ಸತ್ಯವೇದದ ಪುಟಗಳ ನಡುವೆ ಇಟ್ಟು, ಪುಸ್ತಕವನ್ನು ಮುಚ್ಚಿದರು. ನಾನು ನೋಡುತ್ತಿರುವುದನ್ನು ಕಂಡು ನಕ್ಕು, “ನಾಳಿನ ಕೆಲಸದ ಚೀಟಿ ಇದು, ಮಾಸ್ತರ. ಮಾಡೂದು ನನ್ನ ಪಾಲು, ಆಗೂದು ಅವನ ಪಾಲು. ರಾತ್ರಿಯಷ್ಟು ಇದು ಅವನ ಕಡೆ ಇರಲಿ,” ಎಂದರು. ಆಗ ನನಗೆ ಅದು ವೃದ್ಧೆಯೊಬ್ಬರ ಮುಗ್ಧವಾದ ಪದ್ಧತಿಯಂತೆ ತೋರಿತು. ಅದರ ಹಿಂದೆ ಏನಿತ್ತೆಂಬುದನ್ನು ತಿಳಿಯುವುದಕ್ಕೆ ಕೆಲವು ಕಾಲ ಹಿಡಿಯಿತು.

ಚಿಂತಿಸಬೇಡಿರೆಂಬ ಕ್ರೈಸ್ತಬೋಧೆಗೆ ಮೂಲವು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯ. ಆಕಾಶದ ಹಕ್ಕಿಗಳನ್ನೂ ಹೊಲದ ಹೂವುಗಳನ್ನೂ ತೋರಿಸಿ, ಏನು ಉಣ್ಣಬೇಕು, ಏನು ಉಡಬೇಕು ಎಂದು ಕಳವಳಪಡಬೇಡಿರೆಂದು ಯೇಸುಸ್ವಾಮಿಯು ಅಲ್ಲಿ ಬೋಧಿಸುತ್ತಾನೆ. ಇದನ್ನು ಓದಿದೊಡನೆ ಏಳುವ ಆಕ್ಷೇಪವೊಂದುಂಟು. ಹೊಟ್ಟೆ ತುಂಬಿದವನು ಹಸಿದವನಿಗೆ ಹೇಳತಕ್ಕ ಮಾತಲ್ಲವೇ ಇದು? ಆದರೆ ಆ ಮಾತನ್ನು ಯಾರಿಗೆ ಹೇಳಿದನೆಂಬುದನ್ನು ನೋಡಬೇಕು. ಕೇಳಿದವರಲ್ಲಿ ಹೆಚ್ಚಿನವರು ಗಲಿಲಾಯದ ಬೆಸ್ತರು, ಒಕ್ಕಲಿಗರು, ಕೂಲಿಗಳು. ಹೆರೋದನ ತೆರಿಗೆಯನ್ನೂ ದೇವಾಲಯದ ತೆರಿಗೆಯನ್ನೂ ಕೊಟ್ಟು ಉಳಿದುದರಲ್ಲಿ ಬದುಕುತ್ತಿದ್ದವರು. ಬೆಳಗಿನಲ್ಲಿ ಪೇಟೆಯ ಚೌಕದಲ್ಲಿ ನಿಂತು, ಯಾರಾದರೂ ಕೆಲಸಕ್ಕೆ ಕರೆದರೆ ಒಂದು ದಿನಾರಿಯ ಕೂಲಿ, ಕರೆಯದಿದ್ದರೆ ಇಲ್ಲ ಎಂಬಂತಹ ಬಾಳು ಅವರದು. ದ್ರಾಕ್ಷಿತೋಟದ ಕೂಲಿಗಳ ಸಾಮ್ಯದಲ್ಲಿ ಆ ಬಾಳಿನ ಚಿತ್ರವಿದೆ. ಹೇಳಿದವನೂ ಬಡಗಿಯ ಮನೆಯಲ್ಲಿ ಬೆಳೆದವನು, ತಲೆಯಿಡುವುದಕ್ಕೆ ಸ್ವಂತ ಸ್ಥಳವಿಲ್ಲದವನು. ಅವನು ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಆಯಾ ದಿನದ ಅನ್ನವನ್ನು ಮಾತ್ರ, ವರ್ಷದ ಕಾಳನ್ನಲ್ಲ. ಆದುದರಿಂದ ಈ ಬೋಧೆಯು ಬಡತನವನ್ನು ಅರಿಯದ ಬಾಯಿಂದ ಬಂದುದಲ್ಲ.

ಆ ಬೋಧೆಯು ಕಷ್ಟವಿಲ್ಲವೆಂದೂ ಹೇಳುವುದಿಲ್ಲ. ಅಧ್ಯಾಯದ ಕೊನೆಯ ಮಾತಿನ ಅಭಿಪ್ರಾಯವು ಇದಕ್ಕೆ ತೀರ ವಿರುದ್ಧವಾಗಿದೆ: ಪ್ರತಿದಿನಕ್ಕೂ ಅದರದೇ ಆದ ಪಾಡು ಇದ್ದೇ ಇದೆ, ನಾಳೆಯದನ್ನು ಅದರ ಮೇಲೆ ಹೇರಬೇಡಿರಿ. ಇವೊತ್ತಿನ ಹೊರೆಯನ್ನು ಹೊರುವುದಕ್ಕೆ ಮನುಷ್ಯನ ಹೆಗಲಿಗೆ ಬಲವುಂಟು. ಇವೊತ್ತಿನದರ ಮೇಲೆ ನಾಳೆಯದು, ಅದರ ಮೇಲೆ ಬರಲಿರುವ ವರ್ಷದ್ದು, ಬಾರದೆಯೇ ಹೋಗಬಹುದಾದದ್ದು ಎಲ್ಲವನ್ನೂ ಪೇರಿಸಿದರೆ ಎತ್ತೂ ಮಂಡಿಯೂರುತ್ತದೆ.

ಹಕ್ಕಿಗಳ ವಿಷಯದಲ್ಲಿಯೂ ಒಂದು ಮಾತು. ಹಕ್ಕಿಯು ಸೋಮಾರಿಯಲ್ಲ. ಬೆಳಗಾಗುವ ಮೊದಲೇ ಎದ್ದು ಇರುಳಾಗುವವರೆಗೂ ಕಾಳಿಗಾಗಿ ಅಲೆಯುತ್ತದೆ. ಅದಕ್ಕೆ ದುಡಿಮೆ ಉಂಟು, ಕಣಜವಿಲ್ಲ. ಅದೇ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಗುಬ್ಬಿಗಳ ಮಾತು ಮತ್ತೊಮ್ಮೆ ಬರುತ್ತದೆ. ಕಾಸಿಗೆ ಎರಡರಂತೆ ಮಾರುವ ಆ ಗುಬ್ಬಿಗಳಲ್ಲಿ ಒಂದಾದರೂ ತಂದೆಯನ್ನು ಬಿಟ್ಟು ನೆಲಕ್ಕೆ ಬೀಳದೆಂದು ಅಲ್ಲಿ ಹೇಳಿದೆ. ಗುಬ್ಬಿ ಬೀಳುವುದೇ ಇಲ್ಲವೆಂಬ ಭರವಸೆ ಅಲ್ಲಿಲ್ಲ. ಬೀಳುವಾಗಲೂ ಅದು ಅನಾಥವಲ್ಲವೆಂಬ ಭರವಸೆಯಿದೆ. ಇವೆರಡಕ್ಕೂ ಇರುವ ಅಂತರವನ್ನು ಮರೆತವರು ಶ್ರದ್ಧೆಯನ್ನು ವಿಮೆಯ ಪತ್ರವೆಂದು ತಿಳಿದು, ಕಷ್ಟ ಬಂದ ದಿನ ಅದನ್ನು ಹರಿದು ಎಸೆಯುತ್ತಾರೆ.

ಇಲ್ಲಿ ‘ಚಿಂತೆ’ ಎಂಬ ಶಬ್ದವನ್ನೇ ಸ್ವಲ್ಪ ವಿಚಾರಿಸಬೇಕು. ನಮ್ಮ ಕನ್ನಡದಲ್ಲಿ ‘ಯೋಚನೆ’ ಎಂಬ ಒಂದೇ ಮಾತಿಗೆ ಎರಡು ಅರ್ಥವುಂಟು. ‘ಯೋಚನೆ ಮಾಡಿ ಹೆಜ್ಜೆಯಿಡು’ ಎನ್ನುವಾಗ ಅದು ವಿವೇಕ. ‘ಯೋಚನೆ ಮಾಡಬೇಡ, ಎಲ್ಲ ಸರಿಹೋಗುತ್ತದೆ’ ಎನ್ನುವಾಗ ಅದು ಕಳವಳ. ಸುವಾರ್ತೆಗಳನ್ನು ಬರೆದ ಗ್ರೀಕ್ ಭಾಷೆಯಲ್ಲಿಯೂ ಹೀಗೆಯೇ. ‘ಮೆರಿಮ್ನ’ ಎಂಬ ಪದವು ಕಳವಳಕ್ಕೂ ಸಲ್ಲುತ್ತದೆ, ಆಸ್ಥೆಗೂ ಸಲ್ಲುತ್ತದೆ. ಯಾವುದಕ್ಕೂ ಚಿಂತಿಸಬೇಡಿರೆಂದು ಫಿಲಿಪ್ಪಿಯವರಿಗೆ ಬರೆದ ಪೌಲನು ಅದೇ ಪತ್ರದಲ್ಲಿ, ನಿಮ್ಮ ಕ್ಷೇಮವನ್ನು ತಿಮೊಥೆಯನಂತೆ ಚಿಂತಿಸುವವರು ಬೇರೆ ಯಾರೂ ಇಲ್ಲವೆಂದು ಹೊಗಳುತ್ತಾನೆ. ಕೊರಿಂಥದವರಿಗೆ ಬರೆಯುವಾಗ, ಎಲ್ಲ ಸಭೆಗಳ ಚಿಂತೆಯು ದಿನದಿನವೂ ತನ್ನ ಮೇಲೆ ಇದೆಯೆನ್ನುತ್ತಾನೆ. ಇದನ್ನು ವಿರೋಧವೆಂದು ತಿಳಿಯಬೇಕಾದುದಿಲ್ಲ. ಪರರ ಹಿತವನ್ನು ನೋಡುವ ಆಸ್ಥೆಯು ಪ್ರೀತಿಯ ಅಂಗ. ಅದು ಕೈಗಳಿಗೆ ಕೆಲಸ ಕೊಡುತ್ತದೆ. ಕಳವಳವಾದರೋ ಕೈಗಳನ್ನು ಕಟ್ಟಿಹಾಕಿ ಎದೆಯನ್ನು ಕೊರೆಯುತ್ತದೆ. ಜ್ವರದ ಮಗುವಿನ ಹಣೆಗೆ ತಣ್ಣೀರಿನ ಬಟ್ಟೆಯಿಡುವುದು ಆಸ್ಥೆ. ಬಟ್ಟೆಯನ್ನು ಮರೆತು, ಇನ್ನೇನು ಕೇಡು ಕಾದಿದೆಯೋ ಎಂದು ಮೂಲೆಯಲ್ಲಿ ನಿಂತು ನಡುಗುವುದು ಕಳವಳ. ನಾವು ಎರಡನೆಯದನ್ನು ಮಾಡಿ, ಮೊದಲನೆಯದನ್ನು ಮಾಡಿದ ತೃಪ್ತಿಯನ್ನು ಪಡೆಯುತ್ತೇವೆ.

ಚಿಂತೆಯಿಲ್ಲವೆಂದು ಕೆಲಸವನ್ನೇ ಬಿಟ್ಟವರು ಆ ಕಾಲದಲ್ಲಿಯೂ ಇದ್ದರು. ಥೆಸಲೊನೀಕದ ಸಭೆಯಲ್ಲಿ ಕೆಲವರು ದುಡಿಯದೆ ಪರರ ಮನೆಯ ಸುದ್ದಿಯಲ್ಲಿ ಹೊತ್ತು ಕಳೆಯುತ್ತಿದ್ದರು. ಕೆಲಸ ಮಾಡಲೊಲ್ಲದವನು ಉಣ್ಣಲೂ ಬಾರದೆಂದು ಅವರಿಗೆ ಬರೆದ ಪತ್ರವು ಕಟ್ಟುನಿಟ್ಟಾಗಿ ವಿಧಿಸಿದೆ. ಆದುದರಿಂದ ಕ್ರೈಸ್ತಶಾಂತಿಯೆಂದರೆ ಕೆಲಸಗಳ್ಳತನವೆಂಬ ಸಂಶಯವನ್ನು ಇಲ್ಲಿಗೇ ಬಿಡಬಹುದು.

ಇನ್ನು ತರಾತುರಿಯ ವಿಚಾರ. ಅದಕ್ಕೆ ಲೂಕನ ಸುವಾರ್ತೆಯ ಬೇಥಾನ್ಯದ ಮನೆಯ ಕಥೆಗಿಂತ ಉತ್ತಮವಾದ ದೃಷ್ಟಾಂತವನ್ನು ನಾನರಿಯೆ. ಅಕ್ಕ ಮಾರ್ಥಳು ಅತಿಥಿಸತ್ಕಾರದ ಗಡಿಬಿಡಿಯಲ್ಲಿದ್ದಾಳೆ. ತಂಗಿ ಮರಿಯಳು ಅತಿಥಿಯ ಪಾದದ ಬಳಿ ಕುಳಿತು ಅವನ ಮಾತನ್ನು ಕೇಳುತ್ತಿದ್ದಾಳೆ. ತನಗೆ ನೆರವಾಗುವಂತೆ ತಂಗಿಗೆ ಹೇಳಬೇಕೆಂದು ಮಾರ್ಥಳು ಅತಿಥಿಗೇ ದೂರಿಡುತ್ತಾಳೆ. ಅನೇಕ ವಿಷಯಗಳ ಚಿಂತೆಯಲ್ಲಿ ಕಳವಳಗೊಂಡಿರುವೆ, ಬೇಕಾದುದು ಒಂದೇ ಎಂಬ ಅರ್ಥದ ಉತ್ತರ ಬರುತ್ತದೆ. ಈ ಕಥೆಯನ್ನು ಕೇಳಿದ ಗೃಹಿಣಿಯರಿಗೆ ಒಳಗೊಳಗೆ ಅಸಮಾಧಾನವಾಗುವುದನ್ನು ನಾನು ಬಲ್ಲೆ. ನನ್ನ ಮನೆಯಾಕೆಯೇ ಇದನ್ನು ಕೇಳಿ, “ಮರಿಯಳನ್ನು ಹೊಗಳಿದವರೆಲ್ಲ ಆಮೇಲೆ ಉಂಡದ್ದು ಮಾರ್ಥಳ ಅಡುಗೆಯನ್ನೇ ಅಲ್ಲವೇ?” ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ.

ಆದರೆ ಕಥೆಯನ್ನು ನಿಧಾನವಾಗಿ ಓದಿದರೆ ಅಡುಗೆಯನ್ನು ಯಾರೂ ನಿಂದಿಸಿಲ್ಲ. ಮಾರ್ಥಳ ಕೈ ಒಲೆಯ ಬಳಿಯಲ್ಲಿತ್ತು, ಕಣ್ಣು ತಂಗಿಯ ಮೇಲಿತ್ತು. ನಾನಿಷ್ಟು ಮಾಡುತ್ತಿದ್ದೇನೆ, ಅವಳು ಏನೂ ಮಾಡುತ್ತಿಲ್ಲ, ಇದನ್ನು ಯಾರೂ ಗಮನಿಸುತ್ತಿಲ್ಲ ಎಂಬ ಲೆಕ್ಕವೇ ಅವಳನ್ನು ದಣಿಸಿತು. ನಮ್ಮ ತರಾತುರಿಯ ಬೇರೂ ಬಹುಮಟ್ಟಿಗೆ ಅಲ್ಲಿಯೇ ಇದೆ. ಕೆಲಸವು ದಣಿಸುವುದಕ್ಕಿಂತ, ಆ ಕೆಲಸದಿಂದ ನಮ್ಮ ಬೆಲೆಯನ್ನು ಸಿದ್ಧಪಡಿಸಬೇಕೆಂಬ ಹಟವು ಹೆಚ್ಚು ದಣಿಸುತ್ತದೆ. ಕ್ರೈಸ್ತಶ್ರದ್ಧೆಯ ಒಂದು ಮುಖ್ಯ ಪ್ರಮೇಯವು ಈ ಹಟದ ಬುಡಕ್ಕೇ ತಾಕುತ್ತದೆ: ಮನುಷ್ಯನು ದುಡಿದು ದೇವರ ಪ್ರೀತಿಯನ್ನು ಗಳಿಸಬೇಕಾದುದಿಲ್ಲ, ಅದು ಮೊದಲೇ ದತ್ತವಾಗಿದೆ. ಇದನ್ನು ಅವರು ಕೃಪೆಯೆನ್ನುತ್ತಾರೆ. ಸಂಬಳವು ಮೊದಲೇ ಕೈಸೇರಿದವನು ಕೆಲಸವನ್ನು ಬಿಟ್ಟಾನೆಂದು ಲೋಕವು ಹೆದರುತ್ತದೆ. ಋಣವರಿತವನು ಇನ್ನೂ ಚೆನ್ನಾಗಿ ದುಡಿದಾನೆಂದು ಈ ಶ್ರದ್ಧೆಯು ನಂಬುತ್ತದೆ.

ಮಾರ್ಥಳ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಯೋಹಾನನ ಸುವಾರ್ತೆಯಲ್ಲಿ, ತಮ್ಮನಾದ ಲಾಜರನು ಸತ್ತಾಗ ಯೇಸುವನ್ನು ಎದುರುಗೊಳ್ಳಲು ಊರಹೊರಗೆ ನಡೆದು, ದೃಢವಾದ ನಂಬಿಕೆಯ ಮಾತನ್ನಾಡಿದವಳು ಮಾರ್ಥಳೇ. ಮರಿಯಳು ಮನೆಯಲ್ಲಿ ಕುಳಿತಿದ್ದಳು. ಪಸ್ಕಹಬ್ಬಕ್ಕೆ ಆರು ದಿನ ಮುಂಚೆ ಬೇಥಾನ್ಯದಲ್ಲಿ ಮತ್ತೆ ಔತಣವಾದಾಗ ಬಡಿಸುತ್ತಿದ್ದವಳೂ ಅವಳೇ. ಆಗ ಮರಿಯಳು ಮತ್ತೆ ಪಾದದ ಬಳಿಯಲ್ಲಿಯೇ ಇದ್ದಳು. ಈ ಸಾರಿ ಮಾರ್ಥಳ ದೂರಿನ ಮಾತು ಇಲ್ಲ. ಅದೇ ಕೆಲಸ, ಅವಳೇ ಮಾಡುವವಳು. ಲೆಕ್ಕವೊಂದು ಮಾತ್ರ ಬಿಟ್ಟುಹೋಗಿದೆ.

ಅಡುಗೆಮನೆಯ ಮಾತು ಬಂದುದರಿಂದ ಇನ್ನೊಬ್ಬ ಅಡುಗೆಯವನನ್ನು ನೆನೆಯಬೇಕು. ಈತನು ಸುಮಾರು ೧೬೧೪ರಲ್ಲಿ ಲೊರೇನ್ ಪ್ರಾಂತದಲ್ಲಿ ಹುಟ್ಟಿದ ನಿಕೊಲಾ ಹೆರ್ಮಾನ್. ಯೂರೋಪನ್ನು ೧೬೧೮ರಿಂದ ೧೬೪೮ರವರೆಗೆ ಸುಟ್ಟ ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಹೋರಾಡಿ, ಗಾಯಗೊಂಡು, ಕುಂಟನಾದನು. ಬಳಿಕ ದೊಡ್ಡ ಮನೆಯೊಂದರಲ್ಲಿ ಆಳಾಗಿ ಸೇರಿ, ಕೈಗೆ ಸಿಕ್ಕಿದುದನ್ನೆಲ್ಲ ಒಡೆಯುವ ಒಡ್ಡನೆನಿಸಿಕೊಂಡನು. ೧೬೪೦ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿ ಸಹೋದರ ಲಾರೆನ್ಸ್ ಎಂಬ ಹೆಸರನ್ನು ತಾಳಿದನು. ಪಾಂಡಿತ್ಯವಿಲ್ಲದವನಾದುದರಿಂದ ಮಠದವರು ಅವನನ್ನು ಅಡುಗೆಮನೆಗೆ ಹಾಕಿದರು. ಸ್ವಭಾವತಃ ಅವನಿಗೆ ಬೇಡವಾದ ಆ ಕೆಲಸವನ್ನು ಸುಮಾರು ಹದಿನೈದು ವರ್ಷ ಮಾಡಿದನು. ಕಾಲು ಸಾಗದಂತಾದ ಮೇಲೆ ಕುಳಿತು ಪಾದರಕ್ಷೆಗಳನ್ನು ಹೊಲಿದನು. ೧೬೯೧ರಲ್ಲಿ ತೀರಿಕೊಂಡನು.

ಈತನು ಗ್ರಂಥವನ್ನು ರಚಿಸಿದವನಲ್ಲ. ಅವನ ಕೆಲವು ಪತ್ರಗಳನ್ನೂ, ತಾನು ೧೬೬೬ರಿಂದ ಅವನೊಡನೆ ನಡೆಸಿದ ಸಂಭಾಷಣೆಗಳ ಟಿಪ್ಪಣಿಗಳನ್ನೂ ಜೋಸೆಫ್ ದ ಬೊಫೋರ್ ಎಂಬ ಪಾದ್ರಿಯು ಆಮೇಲೆ ಅಚ್ಚುಹಾಕಿಸಿದನು. ಅವುಗಳಿಂದ ತಿಳಿದುಬರುವುದಿಷ್ಟು: ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂಬ ಭೇದವು ಅವನಲ್ಲಿ ಅಳಿದುಹೋಗಿತ್ತು. ಪಾತ್ರೆಗಳ ಸದ್ದಿನಲ್ಲಿ, ಹಲವರು ಹಲವು ಕಡೆಯಿಂದ ಕೂಗುವಾಗ, ಅವನು ಗುಡಿಯಲ್ಲಿ ಮೊಣಕಾಲೂರಿದಾಗಿನಷ್ಟೇ ಸಮಾಧಾನದಿಂದಿದ್ದನು. ತಪ್ಪಾದರೆ ತಪ್ಪೆಂದು ದೇವರಿಗೆ ಒಪ್ಪಿಸಿ ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದನು. ಅದನ್ನೇ ಮೆಲುಕು ಹಾಕುತ್ತಿರಲಿಲ್ಲ. ಮಠಕ್ಕಾಗಿ ದ್ರಾಕ್ಷಾರಸವನ್ನು ಕೊಳ್ಳಲು ಬರ್ಗಂಡಿಗೆ ಕಳುಹಿಸಿದಾಗ, ಕುಂಟುಗಾಲಿನವನು ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳುತ್ತ ಸಾಗಬೇಕಾಯಿತು. ವ್ಯಾಪಾರವನ್ನೂ ಅರಿಯನು. ಇದು ನಿನ್ನ ಕೆಲಸವೆಂದು ದೇವರಿಗೆ ಹೇಳಿ ಹೋದನು. ಕೆಲಸವು ಚೆನ್ನಾಗಿಯೇ ಆಯಿತೆಂದು ಆಮೇಲೆ ತಿಳಿಸಿದನು.

ಇಷ್ಟನ್ನೇ ಹೇಳಿದರೆ ಅರ್ಧಸತ್ಯವಾದೀತು. ಈ ಶಾಂತಿಯು ಮಠದ ಬಾಗಿಲಲ್ಲಿ ಅವನಿಗಾಗಿ ಕಾದಿರಲಿಲ್ಲ. ಮೊದಲ ಹಲವು ವರ್ಷ, ತಾನು ನರಕಕ್ಕೆ ಸಲ್ಲುವವನೇ ಎಂಬ ಭೀತಿಯು ಅವನನ್ನು ಹಿಂಡಿತು. ಯಾರ ಸಮಾಧಾನವೂ ತಾಕಲಿಲ್ಲ. ಕಡೆಗೆ, ತನಗೆ ಏನೇ ಆಗಲಿ, ಬದುಕಿರುವವರೆಗೆ ದೇವರ ಪ್ರೀತಿಗಾಗಿ ದುಡಿಯುವೆನೆಂದು ನಿಶ್ಚಯಿಸಿದಾಗ ಆ ಭೀತಿಯು ಸಡಿಲಿತು. ತನ್ನ ಗತಿಯ ಚಿಂತೆಯನ್ನು ಗೆದ್ದುದು ಆ ಗತಿಯ ಖಾತರಿಯಿಂದಲ್ಲ; ಅದನ್ನು ಬೇರೊಬ್ಬರ ಕೈಗೆ ಒಪ್ಪಿಸಿದುದರಿಂದ.

ಒಪ್ಪಿಸುವುದೆಂಬ ಮಾತು ನಮ್ಮವರಿಗೆ ಹೊಸದಲ್ಲ. ಶ್ರೀವೈಷ್ಣವರಲ್ಲಿ ಪ್ರಪತ್ತಿಯನ್ನು ‘ಭರನ್ಯಾಸ’ವೆಂದು ಕರೆಯುತ್ತಾರೆ, ಹಾಗೆಂದರೆ ಹೊತ್ತ ಭಾರವನ್ನು ಇಳಿಸಿಡುವುದು. ಪೇತ್ರನ ಮೊದಲನೆಯ ಪತ್ರದಲ್ಲಿಯೂ ಚಿಂತೆಯನ್ನೆಲ್ಲ ದೇವರ ಮೇಲೆ ಹಾಕಿರೆಂಬ ಉಪದೇಶವಿದ್ದು, ಉಪಮಾನವು ಅದೇ ಆಗಿದೆ. ಗೀತೆಯು ಫಲದ ಆಸೆಯನ್ನು ಬಿಡಿಸುತ್ತದೆ; ಶರಣರು ಕಾಯಕಕ್ಕೆ ಪೂಜೆಯ ಪದವಿಯನ್ನು ಕೊಟ್ಟರು. ಈ ಹೋಲಿಕೆಗಳು ಸಂತೋಷಕರವಾದುವು. ಆದರೆ ಹೋಲಿಕೆಯಿಂದ ಎಲ್ಲವೂ ಒಂದೇ ಎಂದು ಮುಗಿಸಿಬಿಡುವುದು ಸೋಮಾರಿಯ ಔದಾರ್ಯ. ಕ್ರೈಸ್ತರ ಒಪ್ಪಿಸುವಿಕೆಗೆ ಅದರದೇ ಆದ ಆಧಾರವೊಂದುಂಟು; ಅದು ಗೆತ್ಸೆಮನೆ ತೋಟದ ರಾತ್ರಿ.

ಗಾದೆಯ ಸಂತೆಯನ್ನು ಮತ್ತೆ ನೆನೆಯೋಣ. ಸಂತೆಯಲ್ಲಿ ನಿದ್ರಿಸಿದವರ ಕಥೆ ನಮ್ಮಲ್ಲಿರುವಂತೆ, ಬಿರುಗಾಳಿಯಲ್ಲಿ ನಿದ್ರಿಸಿದವನ ಕಥೆ ಮಾರ್ಕನ ಸುವಾರ್ತೆಯಲ್ಲಿದೆ. ದಿನವಿಡೀ ಬೋಧಿಸಿ ದಣಿದ ಯೇಸುವು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ಒರಗಿ ಮಲಗಿದ್ದನು. ಗಾಳಿ ಎದ್ದಿತು, ದೋಣಿಗೆ ನೀರು ತುಂಬಿತು. ಶಿಷ್ಯರು ಅವನನ್ನು ಎಬ್ಬಿಸಿ, ನಾವು ಮುಳುಗುತ್ತಿರುವುದು ನಿನಗೆ ಲಕ್ಷ್ಯವಿಲ್ಲವೇ ಎಂದು ಆಕ್ಷೇಪಿಸಿದರು. ಇಲ್ಲಿಯವರೆಗೆ ನಮ್ಮ ಗಾದೆಯು ಸರಿಹೊಂದುತ್ತದೆ. ಆದರೆ ಅದೇ ಸುವಾರ್ತೆಯಲ್ಲಿ ಮತ್ತೊಂದು ರಾತ್ರಿ ಬರುತ್ತದೆ. ಆ ರಾತ್ರಿ ಗಾಳಿಯಿಲ್ಲ, ಅಲೆಯಿಲ್ಲ. ಶಿಷ್ಯರು ನಿದ್ರಿಸುತ್ತಿದ್ದಾರೆ, ಅವನೊಬ್ಬನು ಎಚ್ಚರವಾಗಿದ್ದಾನೆ. ಮರಣದ ಭಯವು ಅವನನ್ನು ಆವರಿಸಿದೆ. ನೆಲದ ಮೇಲೆ ಬಿದ್ದು, ಈ ಪಾತ್ರೆಯು ನನ್ನಿಂದ ತೊಲಗಲಿ ಎಂದು ಬೇಡುತ್ತಾನೆ. ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತಾಗಲಿ ಎನ್ನುತ್ತಾನೆ. ಮೂರು ಸಾರಿ ಎದ್ದು ಬಂದು ಗೆಳೆಯರನ್ನು ನೋಡುತ್ತಾನೆ. ಮೂರು ಸಾರಿಯೂ ಅವರು ನಿದ್ರೆಯಲ್ಲಿದ್ದಾರೆ.

ಈ ಎರಡು ರಾತ್ರಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಿದ್ದೆ ಬರುವುದೇ ಶಾಂತಿಯ ಲಕ್ಷಣವಾಗಿದ್ದರೆ ಆ ತೋಟದಲ್ಲಿ ಶಾಂತರಾಗಿದ್ದವರು ಶಿಷ್ಯರು. ಆದರೆ ಬೆಳಗಾಗುವುದರೊಳಗೆ ಓಡಿಹೋದವರೂ ಅವರೇ. ಕಂಪಿಸುತ್ತ ಪ್ರಾರ್ಥಿಸಿದವನು ಎದ್ದು ನಿಂತು, ಹಿಡಿಯಲು ಬಂದವರಿಗೆ ಎದುರಾಗಿ ನಡೆದನು. ಚಿಂತಿಸಬೇಡಿರೆಂದು ಬೆಟ್ಟದ ಮೇಲೆ ಹೇಳಿದವನು ಸಂಕಟವನ್ನು ಅರಿಯದವನಲ್ಲ. ಅದರ ತಳವನ್ನು ಮುಟ್ಟಿಬಂದವನು. ಆದುದರಿಂದ ಸಂಕಟದಲ್ಲಿರುವವನಿಗೆ ‘ನಿನ್ನ ನಂಬಿಕೆ ಸಾಲದು, ಅದಕ್ಕೇ ನಿನಗೆ ನಡುಕ’ ಎಂದು ಹೇಳುವ ಅಧಿಕಾರವು ಆ ಮತದವರಿಗೂ ಇಲ್ಲ. ಚಿಂತೆಯು ಮನೋರೋಗವಾಗಿ ಬೆಳೆದವನನ್ನು ವೈದ್ಯನಲ್ಲಿಗೆ ಕರೆದೊಯ್ಯುವುದು ಶ್ರದ್ಧೆಗೆ ವಿರೋಧವಲ್ಲ. ಅದೂ ಹಣೆಗೆ ಬಟ್ಟೆಯಿಡುವ ಆಸ್ಥೆಯೇ.

ಪೌಲನು ಫಿಲಿಪ್ಪಿಯವರಿಗೆ ಶಾಂತಿಯ ಮಾತನ್ನು ಬರೆದುದು ಸೆರೆಯಿಂದ. ಬುದ್ಧಿಗೆ ಮೀರಿದ ದೇವಶಾಂತಿಯು ನಿಮ್ಮ ಹೃದಯಗಳನ್ನು ಕಾಯುವುದೆಂದು ಹೇಳುವಾಗ, ದಂಡು ಕೋಟೆಯನ್ನು ಕಾಯುವುದಕ್ಕೆ ಸಲ್ಲುವ ಶಬ್ದವನ್ನು ಬಳಸಿದ್ದಾನೆ. ಫಿಲಿಪ್ಪಿಯು ರೋಮಿನ ನಿವೃತ್ತ ಸಿಪಾಯಿಗಳು ನೆಲೆಸಿದ ಪಟ್ಟಣವಾದುದರಿಂದ ಅಲ್ಲಿಯವರಿಗೆ ಅದು ಚೆನ್ನಾಗಿ ತಿಳಿದಿರಬೇಕು. ಕಾವಲು ಬೇಕಾಗುವುದು ಶತ್ರುವು ಹೊರಗಿರುವಾಗಲೇ. ಮುತ್ತಿಗೆ ತೆರವಾಗದಿದ್ದರೂ ಒಳಗೆ ದೀಪ ಉರಿಯುತ್ತಿರುವುದು ಈ ಶಾಂತಿಯ ಸ್ವರೂಪ.

ಇಂತಹ ಶಾಂತಿಯನ್ನು ನಿತ್ಯದ ಬಾಳಿಗೆ ಇಳಿಸುವುದಕ್ಕೆ ಕ್ರೈಸ್ತರು ಯೆಹೂದ್ಯರಿಂದ ಪಡೆದ ಒಂದು ಅಭ್ಯಾಸವುಂಟು. ಅದು ಏಳು ದಿನಗಳಲ್ಲಿ ಒಂದು ದಿನದ ವಿಶ್ರಾಂತಿ. ಈಜಿಪ್ಟಿನಲ್ಲಿ ಲೆಕ್ಕದ ಇಟ್ಟಿಗೆ ಹೊಯ್ಯುತ್ತ ಬಾಳಿದ ಜನಕ್ಕೆ ಅರಣ್ಯದಲ್ಲಿ ದೊರೆತ ಮನ್ನ ಎಂಬ ಆಹಾರದ ಕಥೆ ಇದರ ಜೊತೆಗೆ ಬರುತ್ತದೆ. ಅದನ್ನು ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕು. ನಾಳೆಗೆಂದು ಬಚ್ಚಿಟ್ಟರೆ ಹುಳು ಬೀಳುತ್ತಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ತಂದು, ಏಳನೆಯ ದಿನ ಸುಮ್ಮನಿರಬೇಕು. ಧರ್ಮೋಪದೇಶಕಾಂಡದಲ್ಲಿ ಈ ವಿಧಿಗೆ ಕೊಟ್ಟ ಕಾರಣವನ್ನು ಗಮನಿಸಬೇಕು: ನೀನೂ ದಾಸನಾಗಿದ್ದೆಯೆಂಬುದನ್ನು ಮರೆಯದೆ, ನಿನ್ನ ಆಳುಕಾಳುಗಳಿಗೂ ಎತ್ತುಕತ್ತೆಗಳಿಗೂ ವಿಶ್ರಾಂತಿ ಕೊಡು. ನನ್ನ ಬಿಡುವು ಇನ್ನೊಬ್ಬರ ಹೊರೆಯಾಗಬಾರದು. ನಮ್ಮ ಮನೆಗಳಲ್ಲಿ ಭಾನುವಾರ ಎಲ್ಲರಿಗೂ ರಜ. ಒಲೆಯ ಮುಂದೆ ನಿಲ್ಲುವವರಿಗೆ ಆ ದಿನವೇ ಇಮ್ಮಡಿ ಕೆಲಸ. ಶಾಂತಿಯ ಮಾತನಾಡುವ ಗೃಹಸ್ಥನು ಮೊದಲು ಇದನ್ನು ತಿದ್ದಿಕೊಳ್ಳಬೇಕು. ನಾನು ತಡವಾಗಿ ತಿದ್ದಿಕೊಂಡೆನು.

ಇಷ್ಟೆಲ್ಲವನ್ನು ಓದಿ ತಿಳಿಯುವ ಮೊದಲೇ ನಾನು ಅಕ್ಕೋರ ಚೀಟಿಯ ಉಪಾಯವನ್ನು ಪರೀಕ್ಷಿಸಿ ನೋಡಿದ್ದೆನು. ತಂದೆಯವರಿಗೆ ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದರು. ಇಬ್ಬರು ಹೆಣ್ಣುಮಕ್ಕಳ ಓದಿನ ವೆಚ್ಚ ಏರಿತ್ತು. ಶಾಲೆಯಲ್ಲಿ ಪರೀಕ್ಷೆಗಳ ಹೊಣೆ ನನ್ನ ಮೇಲಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಾಗುವವರೆಗೆ ಲೆಕ್ಕವೇ ಲೆಕ್ಕ. ನಾನೂ ಚೀಟಿ ಬರೆದು ಪುಸ್ತಕದಲ್ಲಿಟ್ಟು ಮಲಗಿದೆನು. ಅರ್ಧರಾತ್ರಿಯಲ್ಲಿ ಎದ್ದು, ಬಿಟ್ಟುಹೋದ ಒಂದು ಬಾಬನ್ನು ಸೇರಿಸಿದೆನು. ಮತ್ತೆ ಎದ್ದು ಇನ್ನೊಂದನ್ನು. ಹದಿನೈದು ದಿನ ಹೀಗೆ ನಡೆಯಿತು. ಚೀಟಿ ಉದ್ದವಾಯಿತೇ ಹೊರತು ನಿದ್ದೆ ಬರಲಿಲ್ಲ. ಇದನ್ನು ಅಕ್ಕೋರಿಗೆ ಹೇಳಿ ನಗೆಯಾಡಿದಾಗ ಅವರು ನಗಲಿಲ್ಲ. “ಚೀಟಿ ಇಟ್ಟೀರಿ, ಛಲೋ ಆತು. ಯಾರ ಕೈಯಾಗ ಕೊಟ್ಟೀರಿ?” ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಚೀಟಿಯನ್ನು ಕಾಗದಗಳ ನಡುವೆ ಇಟ್ಟಿದ್ದೆನು. ಅವರು ತಂದೆಯ ಕೈಗೆ ಕೊಡುತ್ತಿದ್ದರು. ಉಪಾಯವನ್ನು ನೆರೆಮನೆಯಿಂದ ಎರವು ತರಬಹುದು. ವಿಶ್ವಾಸವನ್ನು ಹಾಗೆ ತರಲು ಬಾರದು. ಈಗಿನ ಕಾಲದಲ್ಲಿ ಶಾಂತಿಯ ಉಪಾಯಗಳು ಹೇರಳವಾಗಿ ಮಾರಾಟಕ್ಕಿವೆ. ಅವುಗಳಲ್ಲಿ ಪ್ರಯೋಜನವಿಲ್ಲವೆನ್ನಲಾರೆ. ಆದರೆ ಹೊರೆಯನ್ನು ಇಳಿಸಬೇಕಾದರೆ ತೆಗೆದುಕೊಳ್ಳುವವರು ಇರಬೇಕು, ಅವರು ತೆಗೆದುಕೊಳ್ಳುವರೆಂದು ನಾವು ನಂಬಬೇಕು. ಮಗುವು ಕಿಕ್ಕಿರಿದ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ನಿದ್ರಿಸುವುದು ಜಾತ್ರೆಯು ಶಾಂತವಾಗಿರುವುದರಿಂದಲ್ಲ.

ಅಕ್ಕೋರ ವಿಶ್ವಾಸದ ಬೆಲೆಯನ್ನು ಅದರ ಮಾರನೆಯ ವರ್ಷ ಕಂಡೆನು. ಅವರ ಯಜಮಾನರು ಆಸ್ಪತ್ರೆಯಲ್ಲಿ ಹದಿನೆಂಟು ದಿನ ನರಳಿ ತೀರಿಕೊಂಡರು. ಕೆಲವು ವಾರಗಳು ಕಳೆದ ಮೇಲೆ, ಕೇಳಬಾರದಿತ್ತೋ ಏನೋ, ಕೇಳಿಬಿಟ್ಟೆನು: ಆ ರಾತ್ರಿಗಳಲ್ಲಿಯೂ ಚೀಟಿ ಇಟ್ಟು ನಿದ್ದೆ ಹೋದಿರಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿದ್ದಿ ಎಲ್ಲಿ ಬರ್ತದ, ಮಾಸ್ತರ? ರಾತ್ರಿಯೆಲ್ಲಾ ಎಚ್ಚರಾನ ಇದ್ದೆ. ಅತ್ತೆ. ದೇವರ ಕೂಡ ಜಗಳಾನೂ ಆಡಿದೆ. ಖರೆ, ಒಬ್ಬಾಕಿನ ಇದ್ದೀನಿ ಅಂತ ಅನಸಲಿಲ್ಲ,” ಎಂದರು. ಮರುದಿನದ ಚೀಟಿಯಲ್ಲಿ ಔಷಧದ ಹೊತ್ತು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ, ವಾರ್ಡಿನ ಆಯಾಗೆ ಕೊಡಬೇಕಾದ ಸೀರೆ, ಎಲ್ಲವೂ ಇರುತ್ತಿದ್ದುವಂತೆ. ಎಚ್ಚರವಾಗಿದ್ದರೂ ಅವರ ಕೈ ಕಟ್ಟಿಹೋಗಿರಲಿಲ್ಲ.

ಈ ಶಾಂತಿಯು ಹೊಣೆಗೇಡಿಯ ನಿದ್ದೆಯಲ್ಲವೆಂಬುದು ಈಗ ನನಗೆ ಸಂಶಯವಿಲ್ಲದ ಸಂಗತಿ. ಅದು ಇವೊತ್ತಿನ ಕೆಲಸವನ್ನು ಬಿಡಿಸುವುದಿಲ್ಲ, ನಾಳೆಯ ಒಡೆತನವನ್ನು ಬಿಡಿಸುತ್ತದೆ. ದುಃಖವನ್ನು ನಿಲ್ಲಿಸುವುದಿಲ್ಲ, ದುಃಖದಲ್ಲಿ ಒಂಟಿತನವನ್ನು ನಿಲ್ಲಿಸುತ್ತದೆ. ಅದಕ್ಕೆ ತಕ್ಕ ವಿಶ್ವಾಸವು ಪೂರ್ಣವಾಗಿ ನನ್ನದಾಗಿದೆಯೆಂದು ಹೇಳಿದರೆ ವಾಚಕರಿಗೆ ವಂಚನೆ ಮಾಡಿದಂತೆ. ತಂದೆಯವರು ಈಗಿಲ್ಲ, ಹೆಣ್ಣುಮಕ್ಕಳು ತಮ್ಮ ತಮ್ಮ ಕೆಲಸಗಳಲ್ಲಿದ್ದಾರೆ, ಅಕ್ಕೋರೂ ಮಗನ ಊರಿಗೆ ಹೋದರು. ರಾತ್ರಿ ಎರಡು ಗಂಟೆಗೆ ನನಗೆ ಈಗಲೂ ಒಮ್ಮೊಮ್ಮೆ ಎಚ್ಚರವಾಗುತ್ತದೆ. ಆದರೆ ಆಗ ಎದ್ದು ಚೀಟಿಗೆ ಬಾಬು ಸೇರಿಸುವುದನ್ನು ಬಿಟ್ಟಿದ್ದೇನೆ. ಯಾರ ಕೈಗೆ ಕೊಟ್ಟೆಯೆಂಬ ಅವರ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡು, ಕತ್ತಲೆಯಲ್ಲಿ ಸುಮ್ಮನೆ ಕೈ ಚಾಚುತ್ತೇನೆ.